ಕೊಳಲಿನ ಸಾಲು

“ಯಾಕೆ ನಿಲ್ಲಿಸಿದ್ರಿ?” ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಹೆಂಡತಿ ಕೇಳಿದಾಗ, ಅವನ ಬೆರಳುಗಳು ಪಿಯಾನೋದ ಬಲತುದಿಯಲ್ಲಿ ಇನ್ನೂ ನುಡಿಸುತ್ತಲೇ ಇದ್ದವು. ಅವಳು ತಿರುಗಿ ನೋಡುವುದರೊಳಗೆ ಕೈ ತಡೆದು, ಬೆರಳು ನೋಯುತ್ತಿದೆ ಎಂದು ಸುಳ್ಳು ಹೇಳಿದ.

ವಾದ್ಯವೃಂದದಲ್ಲಿ ಅವಳು ಕೊಳಲು ನುಡಿಸುತ್ತಿದ್ದವಳು. ತುತ್ತೂರಿಗಳ ಮುಂದೆಯೇ ಕೂತು ಕೂತು ಕಿವಿ ಕೆಟ್ಟಿತ್ತು. ಕೆಲಸ ಬಿಟ್ಟು ಮನೆ ಸೇರಿದ ಮೇಲೆ ರೇಡಿಯೋದ ಸಂಗೀತವೆಲ್ಲ ಅವಳಿಗೆ ಬರೀ ಗದ್ದಲ. ಪಿಯಾನೋ ಒಂದು ಮಾತ್ರ ಅಷ್ಟಿಷ್ಟು ಬಿಡಿಸಿ ಕೇಳುತ್ತಿತ್ತು. ಅದಕ್ಕೇ ಅವಳು ಬಹಳ ಹಚ್ಚಿಕೊಂಡಿದ್ದ ಕೃತಿಯೊಂದನ್ನು ಅವನು ಪಿಯಾನೋಗೆ ಇಳಿಸತೊಡಗಿದ್ದ. ಹಲವು ವಾದ್ಯಗಳ ಸಂಗೀತವನ್ನು ಒಂದೇ ಪಿಯಾನೋಗೆ ಹೊಂದಿಸಿ ಬರೆಯುವುದು ಅವನ ಕಸುಬೇ. ಊರಿನವರನ್ನೆಲ್ಲ ಒಂದೇ ಮಂಚದಲ್ಲಿ ಮಲಗಿಸುವವನು ಎಂದು ಗೆಳೆಯರು ರೇಗಿಸುತ್ತಿದ್ದರು. ಪಿಟೀಲುಗಳನ್ನು ಬಲಗೈಗೆ ಕೊಟ್ಟು, ನಗಾರಿಯನ್ನು ಎಡಗೈಗೆ ವಹಿಸಿ, ಯಾರಿಲ್ಲದಿದ್ದರೂ ನಡೆದೀತು ಎಂದು ಅಳೆದೂ ಸುರಿದೂ ಕೆಲವರನ್ನು ಕೈಬಿಟ್ಟಿದ್ದ. ಕೊಳಲನ್ನು ಮಾತ್ರ ಬದಲಿಸದೆ, ಬಲತುದಿಯ ತಾರಸ್ವರಗಳಲ್ಲೇ ಉಳಿಸಿದ್ದ. ಈಗ ಆ ಕೊಳಲೇ ಅವಳ ಕಿವಿಗೆ ಬೀಳುತ್ತಿರಲಿಲ್ಲ.

ಆ ವಾರವೆಲ್ಲ ತಲೆ ಕೆಡಿಸಿಕೊಂಡು, ಕೊಳಲಿನ ಸಾಲನ್ನು ಪೂರ್ತಿ ಕೆಳಗಿಳಿಸಿ ಮಂದ್ರದಲ್ಲಿ ಬರೆದ. ಅದಕ್ಕೆ ಜಾಗ ಮಾಡಲು ಎಡಗೈಯಲ್ಲಿದ್ದವರನ್ನೆಲ್ಲ ಎಬ್ಬಿಸಿ ಕಳಿಸಬೇಕಾಯಿತು. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ನುಡಿಸಿದ. ಒಂದೊಂದು ಸ್ವರವೂ ಅವಳಿಗೆ ತಲುಪುತ್ತಿದ್ದದ್ದು ಮುಖ ನೋಡಿದರೇ ತಿಳಿಯುತ್ತಿತ್ತು. ಮುಗಿದ ಮೇಲೆ ಅವಳು ಕನ್ನಡಕ ತೆಗೆದು ಒರೆಸುತ್ತ ಕೂತಳು.

“ಕೇಳಿಸ್ತು ತಾನೆ?” ಎಂದ.

“ಕೇಳಿಸ್ತು. ಯಾರೋ ಗಂಡಸು ನೆಲಮಾಳಿಗೆಯಲ್ಲಿ ಗುನುಗ್ತಿರೋ ಹಾಗಿದೆ.” ನಕ್ಕಳು. ಆ ನಗು ಬೇಗ ಆರಿಹೋಯಿತು. “ಅವತ್ತು ನಿಮ್ಮ ಬೆರಳೇನೂ ನೋಯ್ತಿರ್ಲಿಲ್ಲ, ನಂಗೊತ್ತು. ಕೊಳಲನ್ನ ಅದರ ಜಾಗದಲ್ಲೇ ಇಡಿ.”

“ನಿಂಗೆ ಕೇಳಲ್ವಲ್ಲೇ.”

“ನಿಮಗೆ ಕೇಳುತ್ತಲ್ಲ. ನನಗೋಸ್ಕರ ಅದನ್ನ ಕುಗ್ಗಿಸ್ಬೇಡಿ.”

ಅವನು ಬರೆದದ್ದನ್ನು ಉಜ್ಜಿ ಉಜ್ಜಿ ಅಳಿಸಿದ. ಮೊದಲಿದ್ದ ಕಡೆಗೇ ಕೊಳಲು ಹೋಯಿತು, ಕಳಿಸಿದವರೂ ವಾಪಸು ಬಂದರು.

ಮರುದಿನ ಮಧ್ಯಾಹ್ನ ಅವಳು ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. ಅವನು ನುಡಿಸುತ್ತ ನುಡಿಸುತ್ತ, ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಕೊಳಲೊಂದೇ ಉಳಿಯುವ ಜಾಗಕ್ಕೆ ಬಂದ. ಅವಳ ಪಾಲಿಗೆ ಇನ್ನು ಕೋಣೆಯಲ್ಲಿ ಯಾವ ಸದ್ದೂ ಇಲ್ಲವೆನ್ನುವುದು ನೆನಪಾಗಿ, ಬೇಗ ದಾಟಿಬಿಡೋಣವೆಂದು ಅವನ ಕೈ ಅವಸರಪಟ್ಟಿತು. ಅವಳ ಕಣ್ಣು ಅವನ ಬೆರಳ ಮೇಲೇ ಇತ್ತು. ಸಾಲಿನ ನಡುವೆ, ಕೊಳಲಿನವರು ಎಳೆದುಕೊಳ್ಳುವಂಥ ದೀರ್ಘವಾದ ಉಸಿರೊಂದನ್ನು ಅವಳು ಎಳೆದುಕೊಂಡಳು.

ಅವಳ ಉಸಿರು ತುಂಬುವವರೆಗೆ ಅವನು ಬೆರಳೆತ್ತಿ ಕಾದ.