ಮೂವತ್ತಾರು ಪಾರಿವಾಳಗಳ ಲೆಕ್ಕ

ಮುಕ್ತಾರನಿಗೆ ಶಿವಾಜಿನಗರದಲ್ಲಿ ಒಂದು ಚಪ್ಪಲಿ ಅಂಗಡಿಯಿತ್ತು, ಮನೆಯಲ್ಲಿ ಹಮೀದಾ ಎಂಬ ಹೆಂಡತಿಯಿದ್ದಳು, ತಾರಸಿಯ ಮೇಲೆ ಮೂವತ್ತಾರು ಪಾರಿವಾಳಗಳಿದ್ದವು. ಅಂಗಡಿ ಹೊಟ್ಟೆಪಾಡಿಗೆ. ಹೆಂಡತಿಯನ್ನು ಕಂಡರೆ ಕೊಂಚ ಹೆದರಿಕೆ. ಪ್ರೀತಿಯೆಲ್ಲ ಪಾರಿವಾಳಗಳಿಗೇ ಮೀಸಲು. ಆದರೆ ಅವು ಒಣಹಾಕಿದ ಬಟ್ಟೆಯ ಮೇಲೂ ಕಾರುಗಳ ಮೇಲೂ ದಿನಾ ಬಿಡಿಸುತ್ತಿದ್ದ ಚಿತ್ತಾರಕ್ಕೆ ಅವನಿದ್ದ ಬೆನ್ಸನ್ ಟೌನಿನ ಅಪಾರ್ಟ್‌ಮೆಂಟಿನವರು ರೋಸಿಹೋಗಿದ್ದರು. ಗೂಡು ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸಲು ಆ ಭಾನುವಾರ ಅಸೋಸಿಯೇಷನ್ನಿನ ಮೀಟಿಂಗ್ ಕರೆದಿದ್ದರು.

ಸೆಕ್ರೆಟರಿ ಜಯಂತ್ ಇನ್ಶೂರೆನ್ಸ್ ಆಫೀಸಿನಲ್ಲಿ ದುಡಿದು ರಿಟೈರಾದವರು; ರೂಲ್ಸ್ ಎಂದರೆ ಪ್ರಾಣ. ಪಾರ್ಕಿಂಗ್ ಜಾಗದಲ್ಲಿ ಕುರ್ಚಿ ಹಾಕಿಸಿ, ಗಂಟಲು ಸರಿಮಾಡಿಕೊಂಡರು.

"ನೋಡಿ, ರೂಲ್ ಕ್ಲಿಯರಾಗಿದೆ. ಒಟ್ಟು ಇಪ್ಪತ್ನಾಲ್ಕು ಮನೆ. ವೋಟಿಂಗ್ ಟೈಮಲ್ಲಿ ಮೂರನೇ ಎರಡು ಭಾಗ ಮನೆಯೋರು ಇಲ್ಲಿ ಕೂತಿರ್ಬೇಕು. ಕೂತಿರೋರಲ್ಲಿ ಸೆವೆಂಟಿಫೈವ್ ಪರ್ಸೆಂಟ್ ಕೈ ಎತ್ತಿದ್ರೆ ಪಾಸ್. ಗೂಡು ಖಾಲಿ."

ಮುಕ್ತಾರ್ ತಲೆ ಎಣಿಸಿದ. ಬಂದದ್ದು ಹದಿನಾರು ಮನೆಯವರು. ಅವರಲ್ಲಿ ಹನ್ನೆರಡು ಮಂದಿಯನ್ನು ಜಯಂತ್ ವಾರವಿಡೀ ಬಾಗಿಲು ಬಡಿದು ಒಲಿಸಿಕೊಂಡಿದ್ದರು. ಪಾರಿವಾಳಗಳ ಕಡೆ ಇದ್ದದ್ದು ನಾಲ್ಕೇ ವೋಟು, ಅದರಲ್ಲಿ ಒಂದು ಹಮೀದಾಳದು. ಫ್ಲ್ಯಾಟು ಅವಳ ಹೆಸರಿನಲ್ಲಿದ್ದುದರಿಂದ ಕುರ್ಚಿ ಅವಳಿಗೆ; ಮುಕ್ತಾರ್ ಅವಳ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಹದಿನಾರರಲ್ಲಿ ಮುಕ್ಕಾಲು ಹನ್ನೆರಡು ಎಂದು ತಿಳಿಯಲು ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ.

"ಗೂಡು ಬೇಕು ಅನ್ನೋರು ಅಂದಾಗ ಕೈ ಚೆನ್ನಾಗಿ ಮೇಲಕ್ಕೆತ್ತು, ಹಮೀದಾ," ಎಂದು ಬಗ್ಗಿ ದಖನಿ ಉರ್ದುವಿನಲ್ಲಿ ಪಿಸುಗುಟ್ಟಿದ.

"ಎರಡೂ ಕೈ ಎತ್ತಿದ್ರೂ ನಾಲ್ಕು ಐದಾಗಲ್ಲ. ನಾನು ಎದ್ದು ಹೋಗ್ತೀನಿ."

"ಅರೆ! ಇರೋ ನಾಲ್ಕರಲ್ಲಿ ಒಂದನ್ನೂ ಕಳೀತೀಯಾ? ನೀನೂ ಅವರ ಕಡೆ ಸೇರ್ಕೊಂಡ್ಯಾ?"

ಹಮೀದಾ ಮನೆಯಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುವವಳು. ಅರ್ಧ ತುಂಬಿದ ಟ್ಯಾಂಕಿನಿಂದ ಶೇಕಡಾ ಇಪ್ಪತ್ತು ನೀರು ಸೋರಿದರೆ ಉಳಿದದ್ದೆಷ್ಟು ಎಂದು ಅವಳು ಕೇಳಿದಾಗಲೆಲ್ಲ ಮುಕ್ತಾರ್, "ಸೋರೋ ಟ್ಯಾಂಕಿಗೆ ಪ್ಲಂಬರನ್ನ ಕರೀಬೇಕು, ಲೆಕ್ಕ ಯಾಕೆ?" ಎಂದು ಮಕ್ಕಳೆದುರೇ ಗೇಲಿ ಮಾಡುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ತಾನೆ!

"ಇಪ್ಪತ್ನಾಲ್ಕರಲ್ಲಿ ಮೂರನೇ ಎರಡು ಭಾಗ ಎಷ್ಟು?" ಹಮೀದಾ ಕೇಳಿದಳು.

"ಹದಿನಾರು."

"ನಾನೆದ್ದು ಹೋದ್ರೆ ಇಲ್ಲಿರೋರು?"

"ಹದಿನೈ..." ಮುಕ್ತಾರನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಹದಿನೈದೇ ಮನೆಯವರಿದ್ದರೆ ವೋಟಿಂಗೇ ಇಲ್ಲ. ಆ ಹನ್ನೆರಡು ಮಂದಿ ಕೈ ಎತ್ತಿದರೂ ಅಷ್ಟೇ, ಕಾಲು ಎತ್ತಿದರೂ ಅಷ್ಟೇ. "ಏಳು ಮತ್ತೆ, ಬೇಗ ಏಳು!"

"ಪುಕ್ಕಟೆ ಏಳಲ್ಲ." ಗೂಡು ತೊಳೆದು ತೊಳೆದು ಅವಳಿಗೂ ಸಾಕಾಗಿತ್ತು. "ಅರ್ಧ ಪಾರಿವಾಳ ಕೆ.ಆರ್. ಪುರಕ್ಕೆ, ನಮ್ಮ ಅಸ್ಗರ್ ಭಾಯ್ ಮನೆಗೆ. ಉಳಿದದ್ರಲ್ಲಿ ಫಿಫ್ಟಿ ಪರ್ಸೆಂಟ್ ನಿಮ್ಗೆ. ಒಪ್ಪಿಗೇನಾ?"

ಅತ್ತ ಜಯಂತ್, "ಗೂಡು ಬೇಡ ಅನ್ನೋರು..." ಎಂದು ಶುರುಮಾಡಿಯೇಬಿಟ್ಟಿದ್ದರು. ಅರ್ಧ ಭಾವಮೈದುನನಿಗೆ, ಐವತ್ತು ಪರ್ಸೆಂಟ್ ತನಗೆ. ಅರ್ಧವೆಂದರೂ ಐವತ್ತು ಪರ್ಸೆಂಟ್ ಎಂದರೂ ಒಂದೇ. ಹದಿನೆಂಟಕ್ಕಂತೂ ಮೋಸವಿಲ್ಲ ಎಂದುಕೊಂಡ ಮುಕ್ತಾರ್. ಆತುರಗಾರನಿಗೆ ಬುದ್ಧಿ ಮಟ್ಟ.

"ಅಲ್ಲಾ ಕಸಮ್, ಒಪ್ದೆ!"

ಹಮೀದಾ ದುಪಟ್ಟ ಸರಿಮಾಡಿಕೊಂಡು ಎದ್ದಳು. "ಒಲೆ ಮೇಲೆ ಹಾಲಿಟ್ಟು ಬಂದ್ಬಿಟ್ಟಿದೀನಿ, ಜಯಂತ್ ಸಾರ್."

ಎತ್ತಿದ ಕೈಗಳನ್ನು ಜಯಂತ್ ಖುಷಿಯಿಂದ ಎಣಿಸಿದರು, ಹನ್ನೆರಡು. ಕೂತವರನ್ನು ಎಣಿಸಿದರು, ಹದಿನೈದು. ಮತ್ತೊಮ್ಮೆ ಎಣಿಸಿದರು. "ಮೇಡಂ! ಒಂದೇ ನಿಮಿಷ ಕೂತ್ಕೊಂಡು ಹೋಗಿ ಮೇಡಂ!"

"ಹಾಲು ಉಕ್ಕಿಹೋಗುತ್ತೆ ಸಾರ್," ಎಂಬ ಉತ್ತರ ಮೆಟ್ಟಿಲ ಮೇಲಿನಿಂದ ಬಂತು. ತಾವೇ ಓದಿದ ರೂಲನ್ನು ತಾವೇ ಮುರಿಯಲಾರದೆ ಜಯಂತ್ ಮೀಟಿಂಗನ್ನು ಮುಂದಿನ ಭಾನುವಾರಕ್ಕೆ ಹಾಕಿದರು. ಮುಕ್ತಾರನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಸಂಜೆ ಅಸ್ಗರ್ ಬಂದು ಹದಿನೆಂಟು ಪಾರಿವಾಳಗಳನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಹೋದ. ಮುಕ್ತಾರ್ ಒಂದೊಂದಕ್ಕೂ ಮುತ್ತು ಕೊಟ್ಟು ಕಳಿಸಿದ. ಸಂಕಟವಾಯಿತು, ಆದರೂ ಹದಿನೆಂಟು ಉಳಿದವಲ್ಲ ಎಂದು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಹಮೀದಾ ತಾರಸಿಗೆ ಬಂದು ಗೂಡಿನ ನಡುವೆ ಒಂದು ಹಲಗೆ ಅಡ್ಡ ಇಟ್ಟಳು.

"ಈ ಕಡೆ ಒಂಬತ್ತು ನಿಮ್ಮವು."

"ಒಂಬತ್ತಾ? ಹದಿನೆಂಟು!"

"ಫಿಫ್ಟಿ ಪರ್ಸೆಂಟ್ ಅಂದೆ. ಯಾವುದರಲ್ಲಿ ಅಂತ ಕೇಳಿದ್ರಾ? ಉಳಿದದ್ರಲ್ಲಿ ಅಂದಿದ್ದೆ. ನನ್ನ ಟ್ಯೂಷನ್ ಮಕ್ಕಳು ಮೊದ್ಲು ಅದನ್ನೇ ನೋಡ್ತಾರೆ."

ಮುಕ್ತಾರ್ ಬೆರಳು ಮಡಚಿ ಲೆಕ್ಕ ಹಾಕಿದ. ಮೂವತ್ತಾರು, ಹದಿನೆಂಟು, ಒಂಬತ್ತು. ಎಲ್ಲೂ ತಪ್ಪಿರಲಿಲ್ಲ. "ಹಾಗಾದ್ರೆ ಆ ಕಡೆ ಒಂಬತ್ತು?"

"ನನ್ನವು."

"ನಿಂಗೆ ಪಾರಿವಾಳ ಕಂಡ್ರೇ ಆಗಲ್ಲ!"

"ಆಗಲ್ಲ. ಅದಕ್ಕೇ ಅವುಗಳ ಕಾಳು, ನೀರು, ತೊಳೆಯೋದು ಎಲ್ಲಾ ನೀವೇ ಮಾಡ್ಬೇಕು. ಆ ಬಿಳೀದನ್ನೂ ನನ್ನ ಕಡೆಗೆ ಕೊಡಿ."

ಬಿಳಿಯದು ಅವನ ಜೀವ. "ಅದನ್ನ ಮಾತ್ರ ಕೊಡಲ್ಲ," ಎಂದು ಎದೆಗವುಚಿಕೊಂಡ.

"ಬೇಡ ಬಿಡಿ," ಎಂದಳು ಹಮೀದಾ. "ಮುಂದಿನ ಭಾನುವಾರನೂ ನಂಗೊಂದು ಕುರ್ಚಿ ಹಾಕಿರ್ತಾರೆ. ಈ ಸಲ ಒಲೆ ಆರಿಸ್ಬಿಟ್ಟೇ ಹೋಗ್ತೀನಿ."

ಮುಕ್ತಾರ್ ಬಿಳಿ ಪಾರಿವಾಳವನ್ನು ಎರಡೂ ಕೈಯಲ್ಲಿ ತಂದು ಅವಳ ಕೈಗಿಟ್ಟ.

"ಇದಕ್ಕೆ ಕಾಳು ಎಷ್ಟೊತ್ತಿಗೆ ಹಾಕ್ಲಿ, ಮೇಡಂ?" ಎಂದು ಕೇಳಿದ.