ಕಡುಬಿಲ್ಲದ ಎಲೆ

ನಮ್ಮತ್ತೆ ಅಕ್ಕಯ್ಯಮ್ಮನವರಿಗೆ ಒಬ್ಬ ಮನುಷ್ಯ ಹಿಡಿಸುವುದೆಂದರೆ ಸಾಮಾನ್ಯ ಮಾತಲ್ಲ. ನಾನು ಸೊಸೆಯಾಗಿ ಬಂದು ಎರಡು ಮಕ್ಕಳನ್ನು ಹೆತ್ತ ಮೇಲೂ ನನ್ನ ಸಾರಿಗೆ ‘ಪರವಾಗಿಲ್ಲ’ ಎನ್ನುವುದಕ್ಕಿಂತ ದೊಡ್ಡ ಸರ್ಟಿಫಿಕೇಟು ಸಿಕ್ಕಿರಲಿಲ್ಲ. ಅಂಥವರು ಇಥಿಯೋಪಿಯಾದಿಂದ ಬಂದು ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಗಿರ್ಮನನ್ನು ನೋಡನೋಡುತ್ತಲೇ ಮನೆಮಗನ ಹಾಗೆ ಮಾಡಿಕೊಂಡುಬಿಟ್ಟರು. ಆರ್.ಟಿ. ನಗರದ ನಮ್ಮ ಮನೆಯ ಮಹಡಿ ಮೇಲಿನ ಒಂಟಿ ರೂಮನ್ನು ಅವನಿಗೆ ಬಾಡಿಗೆಗೆ ಕೊಡುವಾಗ ರಂಪ ಮಾಡಿದ್ದೂ ಅವರೇ. “ಯಾವ ದೇಶದೋನೋ, ಏನ್ ತಿಂತಾನೋ” ಎಂದು ಮಗನ ಜೊತೆ, ಅಂದರೆ ನಮ್ಮ ಯಜಮಾನರಾದ ಸೇತುರಾಮರ ಜೊತೆ, ಮಾತು ಬಿಟ್ಟಿದ್ದರು.

ಅವರು ಸೋತದ್ದು ಅವನ ನಡತೆಗೆ. ಅತ್ತೆ ಅಂಗಳಕ್ಕೆ ಬಂದರೆ ಅವನು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ಏನು ಕೊಟ್ಟರೂ ಎರಡೂ ಕೈ ಚಾಚಿ, ತುಸು ತಲೆ ಬಾಗಿಸಿ ತೆಗೆದುಕೊಳ್ಳುತ್ತಿದ್ದ. ಎಡಗೈ ಊಟದ ಹತ್ತಿರವೂ ಸುಳಿಯುತ್ತಿರಲಿಲ್ಲ. ಊಟಕ್ಕೆ ಕರೆದರೆ ಮೊದಲು ಬೇಡ, ಮತ್ತೆ ಕರೆದರೂ ಬೇಡ. ಬಲವಂತ ಮಾಡಿದ ಮೇಲೇ ಬರುತ್ತಿದ್ದದ್ದು. “ನಮ್ಮೂರಲ್ಲೂ ಹಿಂಗೇ ಅಮ್ಮ. ಕರೆದ ತಕ್ಷಣ ಬಂದ್ರೆ ಹೊಟ್ಟೆಬಾಕ ಅಂತಾರೆ” ಎಂದು ತನ್ನ ಮುರುಕು ಕನ್ನಡದಲ್ಲಿ ಹೇಳಿದಾಗ ಅತ್ತೆ ನನ್ನ ಕಡೆ ತಿರುಗಿ, “ನೋಡು, ಸಂಸ್ಕಾರ ಅಂದ್ರೆ ಇದು” ಎಂದರು. ನಾನೇನು ಕರೆಯದೆ ಬಂದು ಈ ಮನೆ ಸೇರಿದ್ದೆನೇ?

ಎಲ್ಲವೂ ಸಲೀಸಾಗಿ ಹೊಂದಿತು ಅಂತಲ್ಲ. ಅವರ ದೇಶದಲ್ಲಿ ಪ್ರೀತಿಯಿದ್ದವರ ಬಾಯಿಗೆ ತನ್ನ ಕೈಯಿಂದಲೇ ತುತ್ತಿಡುವುದು ದೊಡ್ಡ ಮರ್ಯಾದೆಯಂತೆ. ಒಂದು ದಿನ ನಮ್ಮ ಯಜಮಾನರ ಬಾಯಿಗೆ ಹಾಗೆ ಚಪಾತಿ ತುರುಕಿದ. ಅತ್ತೆ “ಅಯ್ಯೋ, ಎಂಜಲು!” ಎಂದು ಕಿರುಚಿದ ರಭಸಕ್ಕೆ ಇವರಿಗೆ ನೆತ್ತಿಗೇರಿತು. ಇನ್ನು ಅವರ ಕಾಫಿ. ಮನೆಗೆ ಬಂದವರಿಗೆ ಮೂರು ಸುತ್ತು ಕೊಡಬೇಕು, ಒಂದೇ ಸುತ್ತಿಗೆ ಎದ್ದುಹೋದರೆ ಮನೆಯವರಿಗೆ ಅವಮಾನ, ಮೂರನೆಯದು ಆಶೀರ್ವಾದವಿದ್ದ ಹಾಗೆ. “ಅವರ ಮನೇಲಿ ಕಾಫಿಪುಡಿ ಡಬ್ಬ ಡಬ್ಬ ತುಂಬಿಟ್ರೂ ಪೂರೈಸುತ್ತಾ?” ಎಂದು ಅತ್ತೆ ಮರುಗುತ್ತಿದ್ದರು. ಅವರ ಹೊಸವರ್ಷ ಸೆಪ್ಟೆಂಬರಿನಲ್ಲಿ, ಮಳೆ ಹಿಂದೆಗೆಯುವ ಹೊತ್ತಿಗೆ. ಅವತ್ತು ಹೆಣ್ಣುಮಕ್ಕಳು ಹಳದಿ ಹೂವಿನ ಕಟ್ಟು ಹಿಡಿದು ಮನೆಮನೆಗೆ ಹಾಡುತ್ತಾ ಹೋಗುತ್ತಾರಂತೆ. ಹಿಂದಿನ ವರ್ಷ ಅವನು ಕಾಲೇಜಿನ ಹೊಲದಿಂದ ತೋಳು ತುಂಬ ಹುಚ್ಚೆಳ್ಳಿನ ಹೂ ತಂದು ಅತ್ತೆಯ ಕೈಗಿತ್ತು, “ನಮ್ಮಮ್ಮಂಗೆ ಕೊಡೋದು ನಿಮಗೆ ಕೊಟ್ಟೆ” ಎಂದಿದ್ದ. ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೂ ಇದ್ದರು. ಅಮ್ಮನ ವಿಷಯ ಬಂದರೆ ಅವನ ಕನ್ನಡ ಇನ್ನಷ್ಟು ಮುರಿಯುತ್ತಿತ್ತು.

ನಮ್ಮ ಪದ್ಧತಿಗಳನ್ನೂ ಅವನು ಬಿಡದೆ ಕೇಳುತ್ತಿದ್ದ. ಮರುವರ್ಷದ ಯುಗಾದಿಗೆ ಸ್ವಲ್ಪ ಮುಂಚೆ ಇವರ ಚಿಕ್ಕಪ್ಪ ತೀರಿಕೊಂಡರು. ಹಬ್ಬದ ದಿನ ಅವನು ಕೆಳಗೆ ಬಂದು ಎಲೆಯ ಮೇಲೆ ಬರೀ ಅನ್ನ ಸಾರು ಕಂಡು, ಒಬ್ಬಟ್ಟು ಎಲ್ಲಿ ಎಂಬಂತೆ ನೋಡಿದ. “ಸೂತಕ ಕಣಪ್ಪಾ. ಸಾವಾದವರ ಎಲೆಗೆ ಸಿಹಿ ಬಡಿಸೋ ಹಾಗಿಲ್ಲ” ಎಂದು ಅತ್ತೆ ಪಾಠ ಹೇಳಿದರು. ಅವನು ತಲೆಯಾಡಿಸಿದ. ಅವನು ಒಮ್ಮೆ ಕೇಳಿದ್ದನ್ನು ಮರೆಯುವವನಲ್ಲ.

ಅದೇ ವರ್ಷ, ಅಂದರೆ ಎಂಬತ್ಮೂರರಲ್ಲಿ, ಗಣೇಶನ ಹಬ್ಬ ಶನಿವಾರ ಬಂದಿತ್ತು, ಸೋಮವಾರ ಅವರ ಹೊಸವರ್ಷ. ಎರಡೂ ಕೂಡಿ ಬಂದದ್ದಕ್ಕೆ ಗಿರ್ಮ ಮಕ್ಕಳ ಹಾಗೆ ಕುಣಿಯುತ್ತಿದ್ದ. ಗುರುವಾರ ಅವನು ಕಾಲೇಜಿಗೆ ಹೋದ ಮೇಲೆ, ಮೈಸೂರಿನಲ್ಲಿ ಓದುತ್ತಿದ್ದ ಅವನ ದೇಶದ ಗೆಳೆಯ ಮುಲುಗೆಟ ನಮ್ಮ ಬಾಗಿಲಿಗೆ ಬಂದ. ಅವನಿಗೆ ಕನ್ನಡ ಬರದು. ಇಂಗ್ಲಿಷಿನಲ್ಲಿ ಅವನು ಹೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಬೇಕಾಯಿತು. ಗಿರ್ಮನ ತಾಯಿ ತೀರಿಹೋಗಿದ್ದರು.

ತಂತಿ ಬಂದದ್ದು ಗಿರ್ಮನಿಗಲ್ಲ, ಇವನಿಗೆ. ಅದೂ ಅವರ ಪದ್ಧತಿಯೇ. ಸಾವಿನ ಸುದ್ದಿಯನ್ನು ಒಬ್ಬಂಟಿಯಾಗಿರುವವನಿಗೆ ಹೇಳಬಾರದು. ನಂಟರು, ಗೆಳೆಯರು ಎಲ್ಲ ಕೂಡಿ, ಬೆಳಕು ಹರಿಯುವ ಹೊತ್ತಿಗೆ ಮನೆ ಬಾಗಿಲಿಗೆ ಬಂದು, ಸುತ್ತ ನಿಂತು ಹೇಳಬೇಕು. ಅವನು ಬಿದ್ದರೆ ಹಿಡಿಯುವ ಕೈಗಳಿರಬೇಕು. ಧಾರವಾಡದಿಂದ, ಮದ್ರಾಸಿನಿಂದ ಹುಡುಗರು ಬರುವ ತನಕ ಭಾನುವಾರವಾಗುತ್ತದೆ. “ಅಲ್ಲಿಯವರೆಗೆ ಅವನಿಗೆ ಸಣ್ಣ ಅನುಮಾನವೂ ಬರಬಾರದು. ಹೊಟ್ಟೆ ತುಂಬ ಉಣ್ಣಲಿ, ಚೆನ್ನಾಗಿ ಮಲಗಲಿ. ಭಾನುವಾರ ಬೆಳಗಿನ ಜಾವ ಗೇಟು ತೆಗೆದಿಟ್ಟರೆ ಸಾಕು” ಎಂದು ಮುಲುಗೆಟ ಕೇಳಿಕೊಂಡ.

“ತಾಯಿ ಸತ್ತಿರೋದನ್ನ ಮುಚ್ಚಿಡೋದಾ?” ಅತ್ತೆಯ ಮುಖ ಕೆಂಪಗಾಯಿತು. “ಇದ್ಯಾವ ನ್ಯಾಯ?”

ಮುಲುಗೆಟ ಎರಡೂ ಕೈ ಎದೆಗೊತ್ತಿಕೊಂಡು ಬಾಗಿ ನಿಂತುಬಿಟ್ಟ. ಎದ್ದು ನಿಂತು, ಬಾಗಿ ಕೇಳುವ ಆ ಭಂಗಿ ಗಿರ್ಮನದೇ. ಅತ್ತೆ ಕೊನೆಗೆ, “ಆಯ್ತು, ಬಾಯಿ ಬಿಡಲ್ಲ ಅಂತ ಹೇಳು” ಎಂದರು.

ಅವನು ಹೋದ ಮೇಲೆ ಅವರು ಅಡಿಗೆಮನೆಯಲ್ಲಿ ಗೋಡೆಗೊರಗಿ ಕೂತರು. ಗಣೇಶನ ಹಬ್ಬದಲ್ಲಿ ಅತ್ತೆ ಕಡುಬು ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಯಾವುದೋ ಹರಕೆ ಇರಬೇಕು ಅಂದುಕೊಂಡಿದ್ದೆ. ಅವತ್ತು ಅವರೇ ಹೇಳಿದರು.

“ನಮ್ಮಮ್ಮ ಹೋಗಿದ್ದು ಗಣೇಶನ ಹಬ್ಬದ ದಿನ ಕಣೇ ಸೀತಾ. ಆಗ ಬಾಗಲಗುಂಟೇಲಿದ್ವಿ. ಬೆಳಿಗ್ಗೇನೇ ನಮ್ಮ ತವರು ಅಮೃತಹಳ್ಳಿಯಿಂದ ಆಳು ಬಂದು ಹೇಳಿ ಹೋಗಿದ್ದ. ಮಾಡಿದ ಅಡಿಗೆ ದಂಡ ಆಗುತ್ತೆ ಅಂತ ನಮ್ಮತ್ತೆ ನನಗೆ ಹೇಳ್ಲಿಲ್ಲ. ನನ್ನ ಕೈಲೇ ಕಡುಬು ಮಾಡಿಸಿದ್ರು. ನನ್ನ ಎಲೆಗೂ ಹಾಕಿದ್ರು. ರುಚಿಯಾಗಿದೆ ಅಂತ ನಾನು ಇನ್ನೊಂದು ಹಾಕಿಸ್ಕೊಂಡೆ. ಸಾಯಂಕಾಲ ಹೇಳಿದ್ರು. ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು.”

ಅಷ್ಟು ವರ್ಷಗಳ ಸಿಟ್ಟು ಅವರ ದನಿಯಲ್ಲಿ ಆಗತಾನೆ ಕಾಸಿದ ಹಾಗೆ ಬಿಸಿಯಾಗಿತ್ತು. ನನಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಮಡಿ ಎಂದು ಹಿಂಜರಿದೆ.

ಸಂಜೆ ಇವರು ಆಫೀಸಿನಿಂದ ಬಂದು ಸುದ್ದಿ ಕೇಳಿ, ಶಾಸ್ತ್ರ ತೆಗೆದರು. “ಅಮ್ಮಾ, ಕೇಳಿದ ಮೇಲೆ ತಾನೇ ಸೂತಕ? ಅವನು ಕೇಳೇ ಇಲ್ಲವಲ್ಲ. ಧಾರಾಳವಾಗಿ ಬಡಿಸಬಹುದು.”

“ಅವನು ಕೇಳಿಲ್ಲ. ನಾನು ಕೇಳಿದೀನಲ್ಲೋ” ಎಂದರು ಅತ್ತೆ.

ಆ ಎರಡು ದಿನ ಮನೆಯಲ್ಲಿ ಉಸಿರು ಬಿಗಿಹಿಡಿದು ಓಡಾಡಿದೆವು. ಗಿರ್ಮ ಮಕ್ಕಳಿಗೆ ಮಂಟಪ ಕಟ್ಟಿಕೊಟ್ಟ. ಮಾವಿನೆಲೆ ತಂದ. ಅಮ್ಮನಿಗೆ ಹೊಸವರ್ಷದ ಕಾರ್ಡು ಹೋದ ತಿಂಗಳೇ ಕಳಿಸಿದ್ದೇನೆ, ತಲುಪಿರಬಹುದೇ ಎಂದು ನನ್ನನ್ನು ಕೇಳಿದ. ತಲುಪಿರುತ್ತೆ ಎಂದೆ. ಅತ್ತೆ ಅವನ ಮುಖ ನೋಡದೆ ಮಾತಾಡುತ್ತಿದ್ದರು, ಅದಕ್ಕೆ ಮಂಡಿನೋವಿನ ನೆಪ ಕೊಟ್ಟರು.

ಹಬ್ಬದ ಮಧ್ಯಾಹ್ನ ಗಂಡಸರನ್ನೂ ಮಕ್ಕಳನ್ನೂ ಮೊದಲು ಕೂರಿಸಿದೆವು. ಗಿರ್ಮ ಪಂಚೆ ಉಟ್ಟು ಇವರ ಪಕ್ಕ ಕೂತಿದ್ದ. ಪಲ್ಯ, ಕೋಸಂಬರಿ, ಅನ್ನ, ತೊವ್ವೆ ಎಲ್ಲ ನಾನು ಬಡಿಸಿದೆ. ಕಡುಬಿನ ತಟ್ಟೆ ಮಾತ್ರ ಅತ್ತೆಯ ಕೈಯಲ್ಲಿ. ಇವರ ಎಲೆಗೆ ಹಾಕಿದರು. ಗಿರ್ಮನ ಎಲೆಯ ಮುಂದೆ ಬಗ್ಗಿದರು, ಕಡುಬು ಕೈಗೆತ್ತಿಕೊಂಡರು, ಹಾಗೇ ನಿಂತರು. ಆಮೇಲೆ ಅದನ್ನು ತಟ್ಟೆಗೆ ವಾಪಸ್ಸಿಟ್ಟು ಮಗುವಿನ ಎಲೆಗೆ ದಾಟಿದರು. ನಾನು ತಟ್ಟೆಗೆ ಕೈ ಚಾಚಿದೆ. ಅವರು ನನ್ನ ಮಣಿಕಟ್ಟನ್ನು ಹಿಡಿದ ಬಿಗಿಗೆ ಬಳೆ ಒತ್ತಿತು.

ನಮ್ಮ ಯಜಮಾನರಿಗೆ ದೇವರು ಶಾಸ್ತ್ರಜ್ಞಾನ ಕೊಟ್ಟ, ಹೊತ್ತು ಗೊತ್ತು ಕೊಡಲಿಲ್ಲ. ಸಾಲು ಪೂರ್ತಿ ಕೇಳುವಂತೆ, “ಅಮ್ಮಾ, ಗಿರ್ಮಂಗೆ ಕಡುಬು ಹಾಕೇ ಇಲ್ವಲ್ಲ!” ಎಂದರು.

“ಮುಗೀತು” ಎಂದರು ಅತ್ತೆ.

ಕೈಯಲ್ಲಿ ತಟ್ಟೆ ತುಂಬ ಕಡುಬು. ಹಬ್ಬದ ದಿನ ಉಪ್ಪು ಖಾಲಿಯಾದರೂ ‘ಹೆಚ್ಚಿದೆ’ ಎನ್ನುವ ಹೆಂಗಸು ಅವರು. ಗಿರ್ಮ ತಟ್ಟೆ ನೋಡಿದ, ಅತ್ತೆಯ ಮುಖ ನೋಡಿದ, ತನ್ನ ಎಲೆಯಲ್ಲಿ ಕಡುಬು ಇರಬೇಕಾದ ಜಾಗ ನೋಡಿದ. ಅವನ ಬೆರಳುಗಳು ಅನ್ನದಲ್ಲಿ ನಿಂತವು. ಅವನಿಗೆ ಅರ್ಥವಾಯಿತೆಂದು ನನಗೆ ಅರ್ಥವಾಯಿತು.

ಅವನು ಊಟ ಬಿಟ್ಟು ಏಳಲಿಲ್ಲ. ಬಡಿಸಿದ ಎಲೆ ಬಿಟ್ಟೇಳುವುದು ಅವರಲ್ಲೂ ಮನೆಯವರಿಗೆ ಅವಮಾನವೇ. ಒಂದೊಂದೇ ತುತ್ತು ನುಂಗಿ, ಮಜ್ಜಿಗೆಯನ್ನೂ ಮುಗಿಸಿ, ಇವರು ಎದ್ದ ಮೇಲೆ ಎದ್ದ. ಹಿತ್ತಲಿನಲ್ಲಿ ಕೈಗೆ ನೀರು ಹಾಕಲು ನಾನು ಚೊಂಬು ಹಿಡಿದು ನಿಂತಿದ್ದೆ. ಅವನು ಕೈ ಒಡ್ಡಿಕೊಂಡು ಮೆಲ್ಲಗೆ ಕೇಳಿದ:

“ಸೀತಕ್ಕ, ಅಪ್ಪನಾ? ಅಮ್ಮನಾ?”

ನಾನು ಹೇಳಲೆಂದು ಬಾಯಿ ತೆರೆದೆ.

“ಬೇಡ. ಹೇಳ್ಬೇಡಿ” ಎಂದು ತಡೆದು, ಮಹಡಿ ಮೆಟ್ಟಿಲು ಹತ್ತಿ ಹೋದ.

ನಾನು ಒಳಗೆ ಬಂದು ಅತ್ತೆಗೆ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸಿಟ್ಟಿತ್ತು, ಸುಳ್ಳೇಕೆ? ಒಂದು ಕಡುಬು, ಬರೀ ಒಂದು ಕಡುಬು ಹಾಕಿದ್ದರೆ ಆಗುತ್ತಿತ್ತು. ಹಿಡಿಯುವ ಕೈಗಳೇ ಇಲ್ಲದ ಹೊತ್ತಿನಲ್ಲಿ, ಹಬ್ಬದ ಸಾಲಿನ ನಡುವೆ, ಮಕ್ಕಳು ಬೆಲ್ಲ ಮೆತ್ತಿದ ಬೆರಳು ನೆಕ್ಕುತ್ತಿರುವಾಗ ಆ ಹುಡುಗ ಸುದ್ದಿ ಕೇಳಿದ ಹಾಗಾಯಿತು. ಅತ್ತೆ ತಟ್ಟೆ ಕೆಳಗಿಟ್ಟರು. “ನಮ್ಮತ್ತೆ ಹೇಳದೆ ತಿನ್ನಿಸಿದ್ರು. ನಾನು ತಿನ್ನಿಸದೆ ಹೇಳ್ಬಿಟ್ಟೆ” ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಎದ್ದು, ಊಟ ಮಾಡದೆಯೇ, ಮೆಟ್ಟಿಲ ಕಡೆ ನಡೆದರು. ಮಂಡಿನೋವು ಬಂದ ಮೇಲೆ ಅವರು ಮಹಡಿ ಹತ್ತಿರಲೇ ಇಲ್ಲ. ನಾನು ಹಿಂದೆಯೇ ಹೋದೆ.

ಗಿರ್ಮ ಮಂಚದ ತುದಿಯಲ್ಲಿ ಕೂತಿದ್ದ. ಅತ್ತೆಯನ್ನು ಕಂಡದ್ದೇ ಎದ್ದು ನಿಂತ. ಆಗಲೂ ಎದ್ದು ನಿಂತ! ನನಗೆ ಅಳು ತಡೆಯಲಾಗಲಿಲ್ಲ.

“ಕೂತ್ಕೋ ಮಗೂ” ಎಂದರು ಅತ್ತೆ.

“ಅಮ್ಮ, ನಾಳೆ ಬೆಳಿಗ್ಗೆ ಅವರು ಬರ್ತಾರೆ ಅಲ್ವಾ?” ಎಂದು ಅವನೇ ಹೇಳಿದ. “ನೀವು ಮಾತು ಕೊಟ್ಟಿರ್ತೀರಿ. ಏನೂ ಹೇಳ್ಬೇಡಿ. ಅವರು ದೂರದಿಂದ ಬರ್ತಿದಾರೆ. ಅವರೇ ಹೇಳ್ಲಿ.”

“ಹಂಗಾದ್ರೆ ನಾನಿಲ್ಲೇ ಕೂತಿರ್ತೀನಿ.”

ಅತ್ತೆ ಹೊಸಿಲ ಮೇಲೆ ಕೂತರು. ಯಾರಿಗಾಗಿ ಅಳಬೇಕೆಂದು ಗೊತ್ತಿಲ್ಲದ ಹುಡುಗ ಗೋಡೆ ನೋಡುತ್ತಾ ಕೂತ. ಅಪ್ಪನೋ ಅಮ್ಮನೋ ತಿಳಿಯದೆ ಆ ಮಧ್ಯಾಹ್ನ ಅವನು ಇಬ್ಬರನ್ನೂ ಕಳೆದುಕೊಂಡಿದ್ದ. ಒಂದು ಮಾತು ಹೇಳಿದರೆ ಒಬ್ಬರು ಉಳಿಯುತ್ತಿದ್ದರು. ಆ ಮಾತು ಅತ್ತೆಯ ಬಾಯೊಳಗಿತ್ತು, ಅವರು ತುಟಿ ಕಚ್ಚಿಕೊಂಡು ಕೂತಿದ್ದರು. ಕೆಳಗೆ ಬೀದಿಯಲ್ಲಿ ಮಕ್ಕಳು ಗಣೇಶನನ್ನು ಹೊತ್ತು ಜೈಕಾರ ಹಾಕುತ್ತಾ ಕೆರೆ ಕಡೆ ಹೋದರು. ಕತ್ತಲಾದ ಮೇಲೆ ಇವರು ಬಂದು ಬಲವಂತ ಮಾಡಿ ಅತ್ತೆಯನ್ನು ಇಳಿಸಿಕೊಂಡು ಹೋದರು.

ಬೆಳಕು ಹರಿಯುವ ಮೊದಲೇ ಅತ್ತೆ ಮತ್ತೆ ಮೇಲಿದ್ದರು. ನಾನು ಗೇಟು ತೆಗೆದೆ. ಬಿಳಿ ಹೊದಿಕೆ ಹೊದ್ದ ಹುಡುಗರು ಚಪ್ಪಲಿ ಕಳಚಿ ಸದ್ದಿಲ್ಲದೆ ಮೆಟ್ಟಿಲು ಹತ್ತಿದರು. ಗಿರ್ಮ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬಾಗಿಲಲ್ಲಿ ನಿಂತಿದ್ದ. ಏನೂ ಗೊತ್ತಿಲ್ಲದವನ ಹಾಗೆ ಒಬ್ಬೊಬ್ಬರನ್ನೇ ಅಪ್ಪಿ, ಕೆನ್ನೆಗೆ ಕೆನ್ನೆ ತಾಗಿಸಿ, ಕ್ಷೇಮ ವಿಚಾರಿಸಿದ. ಮುಲುಗೆಟ ಅವನ ಎರಡೂ ತೋಳು ಹಿಡಿದು ಒಂದು ಮಾತು ಹೇಳಿದ.

“ಎನ್ನಾತೇ!” ಎಂದು ಗಿರ್ಮ ಕೂಗಿದ. ಅವರ ಭಾಷೆಯಲ್ಲಿ ‘ನನ್ನಮ್ಮ’ ಎನ್ನುವುದಕ್ಕೆ ಏನನ್ನುತ್ತಾರೋ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನ ಕಾಲು ಕುಸಿಯಿತು, ಅಷ್ಟೂ ಕೈಗಳು ಅವನನ್ನು ಹಿಡಿದವು. ಎಲ್ಲರೂ ಎದೆ ಬಡಿದುಕೊಂಡು ಅತ್ತರು. ಆ ಸದ್ದಿಗೆ ಪಕ್ಕದ ಮನೆಯ ಕನೀಜ್ ತಲೆಗೆ ಸೆರಗು ಹೊದ್ದು ಓಡಿಬಂದು, ಯಾರು ಏನು ಎಂದು ಕೇಳದೆ, ನಮ್ಮ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡಳು.

ಬಿಸಿಲು ಬರುವ ಹೊತ್ತಿಗೆ ಅಳು ಇಳಿಯಿತು. ಮುಲುಗೆಟ ಅತ್ತೆಯ ಮುಂದೆ ಬಂದು ಬಾಗಿದ. ನೀವು ಮಾತು ಉಳಿಸಿಕೊಂಡಿರಿ, ನಿಮ್ಮಿಂದ ನಮ್ಮ ಗೆಳೆಯ ನಮ್ಮ ಕೈಗಳಲ್ಲಿ ಸುದ್ದಿ ಕೇಳಿದ, ಈ ಉಪಕಾರ ಮರೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಹೇಳಬಾರದಿತ್ತೇನೋ.

ಅತ್ತೆ ತಲೆ ಅಲ್ಲಾಡಿಸಿದರು. “ಇಲ್ಲ ಕಣಪ್ಪಾ. ನಾನು ಉಳಿಸ್ಕೊಳ್ಲಿಲ್ಲ. ನಿನ್ನೇನೇ ನಾನು ಹೇಳ್ಬಿಟ್ಟೆ. ಬಾಯಲ್ಲಿ ಹೇಳ್ಲಿಲ್ಲ, ಅಷ್ಟೆ. ಮಗು ನಿನ್ನೆಯಿಂದ ಒಂದೇ ಸಮನೆ ಬೇಯ್ತಾ ಇದೆ. ನನ್ನ ಕೈಯಿಂದ ಆಗಿದ್ದು.”

ಮುಲುಗೆಟನಿಗೆ ತಿಳಿಯಲಿಲ್ಲ. “ಅಮ್ಮ ಏನು ಹೇಳುತ್ತಿದ್ದಾರೆ?” ಎಂದು ನನ್ನ ಕಡೆ ತಿರುಗಿದ. ನಾನು ಏನು ಹೇಳಲಿ ಎಂದು ತಡವರಿಸುವಷ್ಟರಲ್ಲಿ, ನೆಲದ ಮೇಲೆ ಕೂತಿದ್ದ ಗಿರ್ಮ ಊದಿದ ಕಣ್ಣುಗಳನ್ನೆತ್ತಿ, ತಮ್ಮ ಭಾಷೆ ಬಿಟ್ಟು, ನನಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ:

“ಕಾಫಿ ಕುಡಿಯದೆ ಯಾರೂ ಹೋಗಬಾರದು ಅನ್ನುತ್ತಿದ್ದಾರೆ. ಮೂರೂ ಸುತ್ತು.”

ಅಲ್ಲಿದ್ದವರೆಲ್ಲ ಅತ್ತೆಯ ಕಡೆ ತಲೆ ಬಾಗಿಸಿದರು. ಅವನು ಏನು ಹೇಳಿದನೆಂದು ಅತ್ತೆಗೆ ಗೊತ್ತಾಗಲಿಲ್ಲ, ನನ್ನ ಮುಖ ನೋಡಿದರು. ನಾನು ಕೆಳಗೆ ಇಳಿದು ಹೋಗಿ, ದೊಡ್ಡ ಪಾತ್ರೆಯಲ್ಲಿ ಕಾಫಿಗೆ ನೀರಿಟ್ಟೆ.