ಅಲಾರಂ ಇಡದ ಪ್ರೋಗ್ರಾಮು

ಬಿಳೇಕಹಳ್ಳಿ ಆಫೀಸಿನ ಕಂಪ್ಯೂಟರಿನಿಂದ ಬರಬೇಕಿದ್ದ ಪಟ್ಟಿಗಾಗಿ ನನ್ನ ಪ್ರೋಗ್ರಾಮು ಮುಕ್ಕಾಲು ಗಂಟೆಯಿಂದ ಫೋನ್ ಲೈನಿಗೆ ಕಿವಿಗೊಟ್ಟು ಕೂತಿತ್ತು. ಕಳಿಸಬೇಕಾದ ಪಿಳ್ಳಣ್ಣ ಊಟಕ್ಕೆ ಎದ್ದುಹೋಗಿರಬೇಕು. ಕೇಳೋಣವೆಂದರೆ ನಮ್ಮ ಜಯನಗರದ ಆಫೀಸಿಗೆ ಇದ್ದದ್ದು ಒಂದೇ ಫೋನು. ಅದನ್ನು ಹಿಡಿದು ಕೂತಿದ್ದದ್ದೂ ಆ ಪ್ರೋಗ್ರಾಮೇ.

ಬೆಳಗಿನಿಂದ ನಾನು ಟೈಪ್ ಮಾಡಿದ್ದ ಮುನ್ನೂರ ಹನ್ನೆರಡು ಸೈಟ್ ಅರ್ಜಿದಾರರ ಹೆಸರುಗಳು ಅದರ ಹೊಟ್ಟೆಯಲ್ಲಿದ್ದವು, ಇನ್ನೂ ಡಿಸ್ಕಿಗೆ ಇಳಿದಿರಲಿಲ್ಲ. ಲೈನ್ ಕಡಿದರೆ ಪ್ರೋಗ್ರಾಮು ಸಾಯುತ್ತದೆ, ಹೆಸರುಗಳೂ ಹೋಗುತ್ತವೆ.

“ಏನಮ್ಮಾ ಸತ್ಯಭಾಮಾ, ಫೋನ್ ಬಿಡ್ತೀಯೋ, ವೈರ್ ಕೀಳ್ಲೋ?” ಮ್ಯಾನೇಜರ್ ರೇವಣಸಿದ್ದಪ್ಪನವರು ತಮ್ಮ ಕೋಣೆಯಿಂದಲೇ ಕೂಗಿದರು.

“ಐದ್ ನಿಮಿಷ ಸಾರ್.”

“ಆಗ್ಲೂ ಅದನ್ನೇ ಅಂದೆ. ಅಷ್ಟೊತ್ತು ಯಾರ್ ಜೊತೆ ಮಾತಾಡ್ತಿದೆ ಅದು?”

“ಮಾತಾಡ್ತಿಲ್ಲ ಸಾರ್, ಕಾಯ್ತಿದೆ.”

“ಸುಮ್ನೆ ಕಾಯೋಕೂ ನನ್ ಫೋನೇ ಬೇಕಾ?”

ತಪ್ಪು ನನ್ನದೇ. ಅಲಾರಂ ಬಡಿದರೆ ಕಾಯುವುದನ್ನು ಬಿಟ್ಟು, ಇದ್ದದ್ದನ್ನು ಡಿಸ್ಕಿಗೆ ಬರೆದು ಫೋನ್ ಇಟ್ಟುಬಿಡು ಎಂದು ಪ್ರೋಗ್ರಾಮಿಗೆ ಜೋಪಾನವಾಗಿ ಹೇಳಿಕೊಟ್ಟಿದ್ದೆ. ಅಲಾರಂ ಇಡುವುದನ್ನೇ ಮರೆತಿದ್ದೆ. ಈಗ ಅದನ್ನು ಹೊರಗಿನಿಂದ ಬಡಿಯಬೇಕು, ಅದಕ್ಕೆ ಇದೇ ಕಂಪ್ಯೂಟರಿಗೆ ಜೋಡಿಸಿದ ಇನ್ನೊಂದು ಟರ್ಮಿನಲ್, ಅಂದರೆ ಇನ್ನೊಂದು ಪರದೆ-ಕೀಬೋರ್ಡು ಬೇಕು. ಅದು ಇದ್ದದ್ದು ಮ್ಯಾನೇಜರ್ ಮೇಜಿನ ಮೇಲೆ. ಕೇಳಿದರೆ ಯಾಕೆ ಅನ್ನುತ್ತಾರೆ. ಹೇಳಿದರೆ ತಪ್ಪು ಊರಿಗೆಲ್ಲ ಗೊತ್ತಾಗುತ್ತದೆ.

ನಮ್ಮ ಲೈನ್ ಸಿಗದಿದ್ದರೆ ಜನ ಕೆಳಗಿನ ಮೆಡಿಕಲ್ ಸ್ಟೋರಿಗೆ ಫೋನ್ ಮಾಡಿ ಕರೆಸುವುದು ರೂಢಿ. ಅವರ ಬಾಗಿಲಲ್ಲಿ ನಿಂತು ಸುಳ್ಳು ಹೇಳಿಯೇಬಿಟ್ಟೆ:

“ಸಾರ್, ಮೆಡಿಕಲ್ ಸ್ಟೋರಿಗೆ ನಿಮ್ಮ ಮನೆಯಿಂದ ಫೋನ್ ಬಂದಿತ್ತಂತೆ. ಮತ್ತೆ ಮಾಡ್ತಾರಂತೆ.”

“ನೋಡು, ನಿನ್ನಿಂದ ಅವಳ ಕೈಲೂ ಬೈಸ್ಕೋಬೇಕು!” ಅವರು ಮೆಟ್ಟಿಲಿಳಿದರು.

ಅವರ ಕುರ್ಚಿಯ ತುದಿಯಲ್ಲಿ ಕೂತೆ. ನನ್ನ ಹೆಸರಿನಲ್ಲಿ ಒಳಹೋಗಿ ಪ್ರೋಗ್ರಾಮಿಗೆ ಕಂಪ್ಯೂಟರ್ ಕೊಟ್ಟಿದ್ದ ನಂಬರ್ ಹುಡುಕಿದೆ, ಎರಡು ಸಲ ನೋಡಿದೆ. ಅಲಾರಂ ಕಳಿಸುವ ಆಜ್ಞೆಯ ಹೆಸರು ‘ಕಿಲ್’. ಕೊಲ್ಲುವುದಕ್ಕೂ ಅದೇ, ತಟ್ಟಿ ಎಬ್ಬಿಸುವುದಕ್ಕೂ ಅದೇ; ಜೊತೆಗೆ ಯಾವ ಸೂಚನೆ ಕೊಡುತ್ತೇವೆ ಅನ್ನುವುದಷ್ಟೇ ವ್ಯತ್ಯಾಸ. ಅಕ್ಷರ ಅಕ್ಷರ ಓದಿಕೊಂಡು, ಕಣ್ಣು ಮುಚ್ಚಿ ಒತ್ತಿದೆ.

ಆಚೆ ಡಿಸ್ಕ್ ಗೊರಗುಟ್ಟಿತು. ಓಡಿಹೋಗಿ ನೋಡಿದರೆ ಮುನ್ನೂರ ಹನ್ನೆರಡೂ ಇದ್ದವು. ಫೋನೂ ಬಿಟ್ಟಿತ್ತು.

ಹತ್ತು ನಿಮಿಷವಾದರೂ ರೇವಣಸಿದ್ದಪ್ಪನವರು ಬರಲಿಲ್ಲ. ಬಾಲ್ಕನಿಯಿಂದ ಬಗ್ಗಿದೆ. ಸ್ಟೋರಿನವರು ಊಟಕ್ಕೆ ಅರ್ಧ ಶಟರ್ ಎಳೆದಿದ್ದರು. “ಇರಪ್ಪಾ, ಈಗ ಬರುತ್ತೆ,” ಎಂದು ಅಂಗಡಿಯವನಿಗೆ ಹೇಳುತ್ತಿದ್ದ ಅವರ ದನಿ ಒಳಗಿನಿಂದ ಕೇಳಿಸಿತು.

ಒಳಗೆ ಬಂದು ಸ್ಟೋರಿನ ನಂಬರ್ ತಿರುಗಿಸಿದೆ. ಮೊದಲ ರಿಂಗಿಗೇ ಎತ್ತಿದರು.

“ಎಷ್ಟೊತ್ತೇ ಕಾಯೋದು ನಿನ್ ಫೋನಿಗೆ?”

“ನಾನು ಸತ್ಯಭಾಮಾ ಸಾರ್. ಫೋನ್ ಫ್ರೀ ಆಯ್ತು, ಮೇಲೆ ಬನ್ನಿ.”